ಗೋದಾಮಿನ ನೆತ್ತಿಯ ಮೇಲೆ ಸಂಗೀತ ಸಭಾಂಗಣ: ಎಲ್ಬ್‌ಫಿಲ್ಹಾರ್ಮೊನಿ ಕಟ್ಟಿದ ಬಗೆ

ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ಎಲ್ಬ್ ನದಿಯ ಕಡೆಗೆ ಚಾಚಿಕೊಂಡ ಒಂದು ಚೂಪಾದ ನೆಲದ ತುದಿಯಿದೆ. ಅದರ ಮೂರು ಕಡೆ ನೀರು. ಅಲ್ಲಿ ನಿಂತಿರುವ ಕಟ್ಟಡದ ಕೆಳಭಾಗ ಇಟ್ಟಿಗೆಯ ಹಳೇ ಗೋದಾಮು. ಅದರ ಮೇಲೆ ಏರಿಳಿತದ ಚಾವಣಿ ಹೊತ್ತ ಗಾಜಿನ ಕಟ್ಟಡ. ಎರಡೂ ಸೇರಿ 110 ಮೀಟರ್ ಎತ್ತರ. ಇದೇ ಎಲ್ಬ್‌ಫಿಲ್ಹಾರ್ಮೊನಿ. 2017ರ ಜನವರಿ 11ರಂದು ಇಲ್ಲಿ ಉದ್ಘಾಟನಾ ಕಛೇರಿ ನಡೆಯಿತು.

ಫೋಟೋ ನೋಡಿದ ಯಾರಿಗೇ ಆದರೂ ಮೊದಲು ಕಣ್ಣಿಗೆ ಬೀಳುವುದು ಆ ಗಾಜು. ಅದನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಇಲ್ಲಿ ನಿಜಕ್ಕೂ ವಿಚಿತ್ರವಾದದ್ದು ಇನ್ನೊಂದಿದೆ. 2,100 ಜನ ಕೂರುವ ದೊಡ್ಡ ಹಾಲ್ ನೆಲದಿಂದ ಸುಮಾರು 50 ಮೀಟರ್ ಮೇಲಿದೆ. ಸಂಗೀತ ಸಭಾಂಗಣವೆಂದರೆ ಭಾರವಾದ, ಅಗಲವಾದ, ಕಂಬಗಳಿಲ್ಲದ ಒಂದು ಕೋಣೆ. ಅಂಥದ್ದನ್ನು ಸಾಮಾನ್ಯವಾಗಿ ನೆಲಕ್ಕೆ ಹತ್ತಿರ ಇಡುತ್ತಾರೆ. ಇಲ್ಲಿ ಅದನ್ನು ಇನ್ನೊಂದು ಕಟ್ಟಡದ ತಲೆಯ ಮೇಲೆ ಕೂರಿಸಿದರು. ಈ ಒಂದು ತೀರ್ಮಾನ ಹಿಡಿದುಕೊಂಡು ಹೊರಟರೆ ಉಳಿದದ್ದೆಲ್ಲ ಅರ್ಥವಾಗುತ್ತಾ ಹೋಗುತ್ತದೆ. ಅಡಿಪಾಯ, ಸ್ಪ್ರಿಂಗುಗಳು, ಬಾಗಿದ ಎಸ್ಕಲೇಟರ್, ಕೊನೆಗೆ ಕೋರ್ಟು ಕಚೇರಿಯ ಮಾತಿನವರೆಗೂ ಬೆಳೆದ ಜಗಳ, ಎಲ್ಲವೂ.

ಗೋದಾಮು ಯಾಕೆ ಉಳಿಯಿತು

ಈ ಜಾಗದಲ್ಲಿ 1875ರಲ್ಲಿ ಕೈಸರ್‌ಶ್ಪೈಕರ್ ಎಂಬ ಗೋದಾಮು ಎದ್ದಿತ್ತು. ಅದಕ್ಕೊಂದು ಗಡಿಯಾರದ ಗೋಪುರವಿತ್ತು. ಎರಡನೇ ಮಹಾಯುದ್ಧದಲ್ಲಿ ಅದು ಹಾಳಾಯಿತು. 1963ರಲ್ಲಿ ಉಳಿದದ್ದನ್ನೂ ಸಿಡಿಸಿ ಕೆಡವಿದರು. ಅಲ್ಲೇ ವಾಸ್ತುಶಿಲ್ಪಿ ವೆರ್ನರ್ ಕಾಲ್ಮೋರ್ಗನ್ ಹೊಸದೊಂದನ್ನು ವಿನ್ಯಾಸ ಮಾಡಿದರು. ಅದೇ 1966ರಲ್ಲಿ ಮುಗಿದ ಕೈಶ್ಪೈಕರ್ ಎ. ಕೋಕೋ, ಚಹಾ, ತಂಬಾಕಿನ ಮೂಟೆಗಳು ಅಲ್ಲಿ ಬಂದು ಬೀಳುತ್ತಿದ್ದವು. ಆಮೇಲೆ ಕಂಟೇನರ್ ಕಾಲ ಬಂತು. ಮೂಟೆ ಇಳಿಸಿ, ಜೋಡಿಸಿಡುವ ಗೋದಾಮಿಗೆ ಕೆಲಸವೇ ಇಲ್ಲದಂತಾಯಿತು.

ನಗರದ ಯೋಜನೆಯಲ್ಲಿ ಅಲ್ಲಿ ಒಂದು ಆಫೀಸು ಕಟ್ಟಡ ಬರಬೇಕಿತ್ತು. ಅದರ ಬದಲು ಸಂಗೀತ ಸಭಾಂಗಣ ಆಗಲಿ ಎಂಬ ಮಾತು ಎತ್ತಿದವರು ಅಲೆಕ್ಸಾಂಡರ್ ಜೆರಾರ್ ಮತ್ತು ಯಾನಾ ಮಾರ್ಕೊ. ಜೆರಾರ್ ಖಾಸಗಿ ಡೆವಲಪರ್, ಮಾರ್ಕೊ ಕಲಾ ಇತಿಹಾಸ ಓದಿದವರು. ಅವರು ಹೋಗಿ ಕೇಳಿದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಹೆರ್ಟ್ಸೋಗ್ ಮತ್ತು ಡಿ ಮೆರೊನ್ ಅವರ ವಾಸ್ತುಶಿಲ್ಪ ಸಂಸ್ಥೆಯನ್ನು. 2003ರಲ್ಲಿ ಮೊದಲ ಚಿತ್ರ ಹೊರಬಿತ್ತು. ಗೋದಾಮು ಹಾಗೇ ಇದೆ, ಅದರ ಮೇಲೆ ಗಾಜಿನ ಅಲೆ ಎದ್ದಿದೆ. ಊರಿಗೆ ಊರೇ ಅದಕ್ಕೆ ಮರುಳಾಯಿತು.

ಗೋದಾಮನ್ನು ಉಳಿಸಿಕೊಳ್ಳುವುದರ ಹಿಂದೆ ಒಂದು ಸರಳ ತರ್ಕವೂ ಇತ್ತು. ಗೋದಾಮು ಹುಟ್ಟಿದ್ದೇ ಭಾರ ಹೊರಲು. ಸಾವಿರಾರು ಟನ್ ಸರಕನ್ನು ಹೊತ್ತು ನಿಂತ ಕಟ್ಟಡ ಇನ್ನೊಂದು ಕಟ್ಟಡವನ್ನೂ ಹೊರಬಹುದು ಅಲ್ವಾ? ಕಾಗದದ ಮೇಲೆ ಇದು ಸರಿ. ನಿಜವಾಗಿ ಆದದ್ದು ಬೇರೆ. ಯೋಜನೆ ಬೆಳೆಯುತ್ತಾ ಹೋಯಿತು. ದೊಡ್ಡ ಹಾಲ್ ಜೊತೆಗೆ 550 ಸೀಟಿನ ಚಿಕ್ಕ ಹಾಲ್ ಸೇರಿತು. ಹೋಟೆಲ್ ಬಂತು, ಫ್ಲ್ಯಾಟುಗಳು ಬಂದವು, ಗೋದಾಮಿನ ಹೊಟ್ಟೆಯೊಳಗೆ ಕಾರ್ ಪಾರ್ಕಿಂಗ್ ಬಂತು. ಮುಗಿದ ಕಟ್ಟಡದ ಒಟ್ಟು ತೂಕ ಸುಮಾರು 2 ಲಕ್ಷ ಟನ್.

ನದಿ ದಂಡೆಯ ನೆಲಕ್ಕೆ ನೇರವಾಗಿ ಇಷ್ಟು ಭಾರ ಹೊರುವ ಶಕ್ತಿ ಇಲ್ಲ. ಮೇಲಿನ ಪದರ ಮೆತ್ತಗಿನ ಕೆಸರು. ಹಾಗಾಗಿ ಭಾರವನ್ನು ಅದರ ಮೂಲಕ ದಾಟಿಸಿ ಕೆಳಗಿನ ಗಟ್ಟಿ ಪದರಕ್ಕೆ ಮುಟ್ಟಿಸಬೇಕು. ಅದಕ್ಕೇ ಪೈಲುಗಳು, ಅಂದರೆ ನೆಲದೊಳಕ್ಕೆ ಇಳಿಸುವ ಉದ್ದನೆಯ ಕಾಂಕ್ರೀಟ್ ಕಂಬಗಳು. ಹಳೇ ಗೋದಾಮು 1,111 ಪೈಲುಗಳ ಮೇಲೆ ನಿಂತಿತ್ತು. ಹೊಸ ಭಾರಕ್ಕೆ ಅವು ಸಾಲಲಿಲ್ಲ. ಇನ್ನೂ 650 ಪೈಲುಗಳನ್ನು ಇಳಿಸಿದರು. ಇಳಿಸುವುದು ಎಲ್ಲಿ? ನಿಂತಿರುವ ಕಟ್ಟಡದ ಒಳಗೆ. ಅದಕ್ಕೆ ಒಳಗಿನ ಮಹಡಿಗಳನ್ನು ಕೆಡವಬೇಕಾಯಿತು. ಹೊರಗೋಡೆಗಳಿಗೆ ಆಸರೆ ಕೊಟ್ಟು ನಿಲ್ಲಿಸಿಕೊಂಡು, ಟೊಳ್ಳಾದ ಒಡಲಿನೊಳಗೆ ಹೊಸ ಕಾಂಕ್ರೀಟ್ ಕಟ್ಟಡವನ್ನು ಎಬ್ಬಿಸಿದರು.

ಅಂದರೆ ಹೊರಗಿಂದ ಕಾಣುವ ಗೋದಾಮು ಈಗ ಬರೀ ಚರ್ಮ. ಪೂರ್ತಿ ಕೆಡವಿ ಖಾಲಿ ಜಾಗದಲ್ಲಿ ಕಟ್ಟಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೂ ಉಳಿಸಿದ್ದು ಒಳ್ಳೆಯದೇ ಆಯಿತು ಅನ್ನೋದು ನನ್ನ ಅಭಿಪ್ರಾಯ. ಆ ದಪ್ಪ, ಒರಟು, ಚಿಕ್ಕ ಕಿಟಕಿಗಳ ಇಟ್ಟಿಗೆ ಗೋಡೆ ಇಲ್ಲದಿದ್ದರೆ ಮೇಲಿನ ಗಾಜಿನ ಕಟ್ಟಡ ಯಾವ ಊರಿನ ಯಾವ ಬಂದರಿನಲ್ಲಿ ಬೇಕಾದರೂ ಇರಬಹುದಿತ್ತು.

ನೀರಿನ ಬಗ್ಗೆಯೂ ಒಂದು ಮಾತು. ಹ್ಯಾಂಬರ್ಗ್ ಸಮುದ್ರದಿಂದ ಸುಮಾರು 100 ಕಿ.ಮೀ. ಒಳಗಿದ್ದರೂ ಎಲ್ಬ್ ನದಿಯಲ್ಲಿ ಅಲ್ಲಿಯವರೆಗೂ ಉಬ್ಬರವಿಳಿತ ಬರುತ್ತದೆ. ನೀರು ದಿನಕ್ಕೆರಡು ಸಲ ಮೂರು ಮೀಟರಿಗಿಂತ ಜಾಸ್ತಿ ಏರಿಳಿಯುತ್ತದೆ. 1962ರ ಫೆಬ್ರವರಿಯಲ್ಲಿ ಬಿರುಗಾಳಿ ತಂದ ಪ್ರವಾಹಕ್ಕೆ ಈ ನಗರದಲ್ಲಿ 315 ಜನ ಸತ್ತರು. ಕಟ್ಟಡವಿರುವ ಹಾಫೆನ್‌ಸಿಟಿ ಪ್ರದೇಶ ಮುಖ್ಯ ತಡೆಗೋಡೆಯ ಹೊರಗಿದೆ. ಅದಕ್ಕೇ ಅಲ್ಲಿ ರಸ್ತೆ, ಕಟ್ಟಡಗಳನ್ನೆಲ್ಲ ದಿಬ್ಬ ಎತ್ತರಿಸಿ ಕಟ್ಟುತ್ತಾರೆ. 50 ಮೀಟರ್ ಮೇಲಿರುವ ಹಾಲ್‌ಗೆ ಆ ಚಿಂತೆ ಇಲ್ಲ, ಬಿಡಿ.

ಹಡಗಿನ ಹಾರ್ನ್ ಒಳಗೆ ಬರಬಾರದು

ನದಿ ದಂಡೆ ನೋಡಲು ಚೆಂದ. ಕೇಳಲು ಗದ್ದಲ. ಅದರಲ್ಲೂ ಇದು ಕೆಲಸ ನಡೆಯುತ್ತಿರುವ ಬಂದರು. ಕ್ರೂಸ್ ಹಡಗುಗಳು ಪಕ್ಕದಲ್ಲೇ ಹಾದು ಹೋಗುತ್ತವೆ. ಹಡಗುಗಳ ಹಾರ್ನ್ ಹೇಗಿರಬೇಕು ಅನ್ನುವುದಕ್ಕೆ ಅಂತಾರಾಷ್ಟ್ರೀಯ ನಿಯಮವಿದೆ. 200 ಮೀಟರ್ ಅಥವಾ ಅದಕ್ಕಿಂತ ಉದ್ದದ ಹಡಗಿನ ಹಾರ್ನ್ 70ರಿಂದ 200 ಹರ್ಟ್ಸ್ ಒಳಗಿರಬೇಕು, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತುಂಬಾ ತಗ್ಗಿನ ಸ್ವರ ಅದು. ದೂರದವರೆಗೆ ಕೇಳಿಸಲಿ ಅಂತಲೇ ಹೀಗೆ. ದುರದೃಷ್ಟಕ್ಕೆ, ತಡೆಯಲು ಅತ್ಯಂತ ಕಷ್ಟವಾದ ಸದ್ದೂ ಅದೇ.

ಯಾಕೆ ಕಷ್ಟ? ಗೋಡೆ ಸದ್ದನ್ನು ತಡೆಯುವುದು ತನ್ನ ತೂಕದಿಂದ. ಸದ್ದಿನ ಅಲೆ ಬಡಿದಾಗ ಹಗುರ ಗೋಡೆ ಜಾಸ್ತಿ ಅಲುಗುತ್ತದೆ, ಭಾರದ ಗೋಡೆ ಕಡಿಮೆ ಅಲುಗುತ್ತದೆ. ಅಲುಗಿದಷ್ಟೂ ಸದ್ದು ಆಚೆ ದಾಟುತ್ತದೆ. ಸ್ಥೂಲವಾಗಿ ಲೆಕ್ಕ ಹೀಗೆ: ಗೋಡೆಯ ತೂಕ ಎರಡರಷ್ಟು ಮಾಡಿದರೆ 6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಲಾಭ. ಆದರೆ ಸದ್ದಿನ ಕಂಪನದ ಸಂಖ್ಯೆ (ಹರ್ಟ್ಸ್) ಅರ್ಧಕ್ಕೆ ಇಳಿದರೆ 6 ಡೆಸಿಬೆಲ್ ನಷ್ಟ. ಪಿಟೀಲಿನ ಮೇಲಿನ ಸ್ವರಗಳನ್ನು ಸುಲಭವಾಗಿ ತಡೆಯುವ ಗೋಡೆ ಹಡಗಿನ ಹಾರ್ನ್ ಮುಂದೆ ಸೋಲುತ್ತದೆ. ಬರೀ ದಪ್ಪ ಮಾಡುತ್ತಾ ಹೋದರೆ ಗೋಡೆಯ ತೂಕವೇ ಕಟ್ಟಡವನ್ನು ಕೆಳಗೆ ತಳ್ಳುತ್ತದೆ. ಮೊದಲೇ ಅದು ಇನ್ನೊಂದು ಕಟ್ಟಡದ ಮೇಲೆ ನಿಂತಿದೆ.

ದಾರಿ ಇರುವುದು ಎರಡು ಚಿಪ್ಪುಗಳಲ್ಲಿ. ಹೊರಗೊಂದು ಕೋಣೆ, ಅದರೊಳಗೆ ಅದಕ್ಕೆ ತಾಗದಂತೆ ಇನ್ನೊಂದು ಕೋಣೆ. ನಡುವೆ ಗಾಳಿ ಮಾತ್ರ. ಹೊರಚಿಪ್ಪು ಅಲುಗಿದರೂ ಒಳಚಿಪ್ಪಿಗೆ ಆ ಅಲುಗಾಟ ನೇರವಾಗಿ ಮುಟ್ಟುವುದಿಲ್ಲ. ಎಲ್ಬ್‌ಫಿಲ್ಹಾರ್ಮೊನಿಯ ದೊಡ್ಡ ಹಾಲ್ ಅಂಥ ಒಳಚಿಪ್ಪು. ಆದರೆ ಒಳಗಿನ ಕೋಣೆ ಗಾಳಿಯಲ್ಲಿ ತೇಲಲು ಆಗುವುದಿಲ್ಲವಲ್ಲ. ಎಲ್ಲೋ ಒಂದು ಕಡೆ ಅದು ಕೂರಲೇಬೇಕು. ಆ ಕೂರುವ ಜಾಗದಲ್ಲಿ ಸ್ಪ್ರಿಂಗ್‌ಗಳಿವೆ. 12,500 ಟನ್ ತೂಕದ ಹಾಲ್ 362 ಉಕ್ಕಿನ ಸ್ಪ್ರಿಂಗ್ ಪ್ಯಾಕುಗಳ ಮೇಲೆ ಕೂತಿದೆ. ಲೆಕ್ಕ ಹಾಕಿದರೆ ಒಂದೊಂದರ ಮೇಲೆ ಸರಾಸರಿ 34 ಟನ್‌ಗಿಂತ ಜಾಸ್ತಿ.

ಸ್ಪ್ರಿಂಗ್ ಮೆತ್ತಗಿದ್ದಷ್ಟೂ ಒಳ್ಳೆಯದು. ಯಾಕೆ ಅಂತ ನೋಡೋಣ. ಭಾರ ಹೊತ್ತ ಯಾವುದೇ ಸ್ಪ್ರಿಂಗಿಗೆ ತನ್ನದೇ ಒಂದು ಸಹಜ ಕಂಪನವಿರುತ್ತದೆ. ಒಮ್ಮೆ ಒತ್ತಿ ಬಿಟ್ಟರೆ ಅದು ಆ ಲಯದಲ್ಲೇ ಮೇಲೆ ಕೆಳಗೆ ಆಡುತ್ತದೆ. ಹೇರಿದ ಭಾರಕ್ಕೆ ಸ್ಪ್ರಿಂಗ್ 1 ಸೆಂ.ಮೀ. ಕುಗ್ಗಿತು ಅಂದುಕೊಳ್ಳಿ. ಆಗ ಆ ಲಯ ಸೆಕೆಂಡಿಗೆ ಸುಮಾರು 5 ಸಲ, ಅಂದರೆ 5 ಹರ್ಟ್ಸ್. ಹೊರಗಿನಿಂದ ಬರುವ ಕಂಪನ ಇದರ 1.4 ಪಟ್ಟಿಗಿಂತ, ಅಂದರೆ 7 ಹರ್ಟ್ಸ್‌ಗಿಂತ ಮೇಲಿದ್ದರೆ ಮಾತ್ರ ಸ್ಪ್ರಿಂಗ್ ಅದನ್ನು ತಡೆಯಲು ಶುರು ಮಾಡುತ್ತದೆ. ಅದರ ಕೆಳಗಿದ್ದರೆ ತಡೆಯುವುದಿಲ್ಲ, ಕೆಲವೊಮ್ಮೆ ಜಾಸ್ತಿಯೂ ಮಾಡುತ್ತದೆ. 70 ಹರ್ಟ್ಸ್ ಕಂಪನ ಬಂದರೆ ಪುಸ್ತಕದ ಲೆಕ್ಕದಲ್ಲಿ ಇನ್ನೂರರಲ್ಲಿ ಒಂದು ಪಾಲು ಮಾತ್ರ ಆಚೆ ದಾಟುತ್ತದೆ. ನಿಜವಾದ ಕಟ್ಟಡದಲ್ಲಿ ಅಷ್ಟು ಚೊಕ್ಕವಾಗಿ ಆಗುವುದಿಲ್ಲ. ಆದರೆ ತತ್ವ ಅದೇ.

ಇಲ್ಲಿ ಕಟ್ಟುವವರ ತಲೆನೋವು ಚಿಕ್ಕ ಚಿಕ್ಕ ವಸ್ತುಗಳು. ಎರಡು ಚಿಪ್ಪುಗಳ ನಡುವೆ ಒಂದು ಪೈಪು ಬಿಗಿಯಾಗಿ ದಾಟಿದರೆ ಸಾಕು, ಒಂದು ಕಡೆ ಕಾಂಕ್ರೀಟ್ ತುಣುಕು ಬಿದ್ದು ಸಿಕ್ಕಿಕೊಂಡರೆ ಸಾಕು, ಸದ್ದಿಗೆ ಸೇತುವೆ ಸಿಕ್ಕಂತೆ. ಅದಕ್ಕೇ ಇಂಥ ಹಾಲ್‌ಗಳಲ್ಲಿ ಡಕ್ಟ್, ವೈರು, ಪೈಪುಗಳು ಗಡಿ ದಾಟುವ ಕಡೆಯೆಲ್ಲ ಬಳುಕುವ ಜೋಡಣೆ ಇಡುತ್ತಾರೆ. ಬಾಗಿಲುಗಳೂ ಎರಡೆರಡು. ಗಾಳಿಯನ್ನು ಸೀಟುಗಳ ಕೆಳಗಿನಿಂದ ನಿಧಾನವಾಗಿ ಬಿಡುತ್ತಾರೆ, ಜೋರಾಗಿ ಬಿಟ್ಟರೆ ಅದೇ ಸುಯ್ ಅನ್ನುತ್ತದೆ.

ಈ ಬೇರ್ಪಡಿಕೆ ಎರಡೂ ಕಡೆ ಕೆಲಸ ಮಾಡಬೇಕು ಅನ್ನೋದನ್ನು ಜನ ಮರೆಯುತ್ತಾರೆ. ಇದೇ ಕಟ್ಟಡದಲ್ಲಿ 244 ಕೋಣೆಗಳ ಹೋಟೆಲ್ ಇದೆ. ಹಾಲ್‌ನಲ್ಲಿ ನಗಾರಿ ಮೊಳಗುವಾಗ ಪಕ್ಕದಲ್ಲೇ ಯಾರೋ ದುಡ್ಡು ಕೊಟ್ಟು ಮಲಗಿರುತ್ತಾರೆ.

ನದಿ ದಂಡೆಯ ಗದ್ದಲಕ್ಕೆ ಹಾಲ್ ಮೇಲೆತ್ತುವ ಉಪಾಯ ಹೊಸದೇನಲ್ಲ. ಲಂಡನ್ನಿನ ಥೇಮ್ಸ್ ದಂಡೆಯ ರಾಯಲ್ ಫೆಸ್ಟಿವಲ್ ಹಾಲ್ 1951ರದ್ದು. ಅದರ ಪಕ್ಕದಲ್ಲೇ ಹಂಗರ್‌ಫರ್ಡ್ ರೈಲು ಸೇತುವೆ. ಅಲ್ಲಿನ ವಾಸ್ತುಶಿಲ್ಪಿಗಳು ಹಾಲನ್ನು ಮೇಲಕ್ಕೆತ್ತಿ, ಸುತ್ತಲೂ ಕೆಳಗೂ ಲಾಬಿ, ಮೆಟ್ಟಿಲುಗಳನ್ನು ಇಟ್ಟರು. ಪೆಟ್ಟಿಗೆಯೊಳಗಿನ ಮೊಟ್ಟೆ ಅಂತ ಅದಕ್ಕೆ ಹೆಸರೇ ಬಿತ್ತು. ರೈಲಿನ ಸಮಸ್ಯೆಗೆ ಉತ್ತರ ಸಿಕ್ಕಿತು, ಸಂಗೀತದ ಸಮಸ್ಯೆ ಉಳಿಯಿತು. ಹಾಲ್ ತುಂಬಾ ಒಣಒಣ ಅನ್ನಿಸುತ್ತಿತ್ತು. 1960ರ ದಶಕದಲ್ಲಿ ಚಾವಣಿಯಲ್ಲಿ ಮೈಕು, ಸ್ಪೀಕರು ಅಡಗಿಸಿ ಗುಂಗು ಹೆಚ್ಚಿಸಬೇಕಾಯಿತು. ಹಾಗಾದರೆ ಈ ಗುಂಗು ಅಂದರೇನು?

ಎರಡು ಸೆಕೆಂಡಿನ ಲೆಕ್ಕ

ಮುಚ್ಚಿದ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ತಕ್ಷಣ ಸಾಯುವುದಿಲ್ಲ. ಗೋಡೆ, ನೆಲ, ಚಾವಣಿಗೆ ಬಡಿದು ಬಡಿದು ಕ್ರಮೇಣ ಸೊರಗುತ್ತದೆ. ಇದೇ ಗುಂಗು. 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವನ್ನು ಅನುರಣನ ಕಾಲ ಅಂತ ಕರೆಯುತ್ತಾರೆ. ಮಾತಿಗೆ ಒಂದು ಸೆಕೆಂಡಿನ ಆಸುಪಾಸು ಚೆನ್ನ. ಆರ್ಕೆಸ್ಟ್ರಾಕ್ಕೆ ಎರಡು ಸೆಕೆಂಡಿನ ಆಸುಪಾಸು ಬೇಕು. ಕಡಿಮೆಯಾದರೆ ಸಂಗೀತ ಬಡಕಲಾಗುತ್ತದೆ, ಜಾಸ್ತಿಯಾದರೆ ಒಂದು ಸ್ವರ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುತ್ತದೆ.

ಇದಕ್ಕೆ ಲೆಕ್ಕ ಕಂಡುಹಿಡಿದವರು ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಮೇಷ್ಟ್ರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಒಂದು ಪದ ಐದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಸುಳಿದಾಡುತ್ತಿತ್ತು. ಸರಿಮಾಡಲು ಸೇಬಿನ್‌ಗೆ ಹೇಳಿದರು. ಅವರು ರಾತ್ರಿ ಹೊತ್ತು ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ಹೊತ್ತು ತಂದು, ಕೋಣೆಯಲ್ಲಿ ಹರವಿ, ಆರ್ಗನ್ (ಕೊಳವೆಗಳಿಗೆ ಗಾಳಿ ತುಂಬಿ ನುಡಿಸುವ ವಾದ್ಯ) ಪೈಪ್ ಊದಿಸಿ, ಸದ್ದು ಅಡಗುವವರೆಗಿನ ಸಮಯ ಅಳೆದರು. ದಿಂಬು ಹೆಚ್ಚಿದಂತೆ ಸಮಯ ಇಳಿಯಿತು. ಅದರಿಂದ ಬಂದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಸದ್ದನ್ನು ಹೀರುವ ಮೈಯ ಒಟ್ಟು ವಿಸ್ತೀರ್ಣದಿಂದ (ಚದರ ಮೀಟರಿನಲ್ಲಿ) ಭಾಗಿಸಿ. ಉತ್ತರ ಸೆಕೆಂಡಿನಲ್ಲಿ ಬರುತ್ತದೆ. ಈ ವಿಜ್ಞಾನ ಹಿಡಿದು ಕಟ್ಟಿದ ಮೊದಲ ದೊಡ್ಡ ಸಭಾಂಗಣ 1900ರ ಬಾಸ್ಟನ್ ಸಿಂಫನಿ ಹಾಲ್.

ಸಭಾಂಗಣದಲ್ಲಿ ಅತಿ ಹೆಚ್ಚು ಸದ್ದು ಹೀರುವವರು ಕೇಳುಗರೇ. ಬಟ್ಟೆ ತೊಟ್ಟ ಮೈ ಒಳ್ಳೆಯ ದಿಂಬು. ಹಾಗಾಗಿ ಜನ ಜಾಸ್ತಿಯಾದರೆ ಕೋಣೆಯ ಗಾತ್ರವೂ ಜಾಸ್ತಿಯಾಗಬೇಕು. ತಲೆಗೆ ಸುಮಾರು 10 ಘನ ಮೀಟರ್ ಗಾಳಿ ಬೇಕು ಅನ್ನೋದು ವಾಡಿಕೆಯ ಲೆಕ್ಕ. ಎಲ್ಬ್‌ಫಿಲ್ಹಾರ್ಮೊನಿಯ ಹಾಲ್ ಸುಮಾರು 23,000 ಘನ ಮೀಟರ್ ಇದೆ. 2,100 ಸೀಟಿಗೆ ಹಂಚಿದರೆ ಈ ಲೆಕ್ಕಕ್ಕಿಂತ ಸ್ವಲ್ಪ ಧಾರಾಳವೇ.

ಸಮಯ ಸರಿಹೋದರೆ ಅರ್ಧ ಕೆಲಸ ಮುಗಿದಂತೆ. ಮಿಕ್ಕರ್ಧ, ಸದ್ದು ಯಾವ ದಿಕ್ಕಿನಿಂದ ಯಾವಾಗ ಬಂತು ಅನ್ನೋದು. ವೇದಿಕೆಯಿಂದ ನೇರವಾಗಿ ಬಂದ ಸದ್ದಿನ ಹಿಂದೆಯೇ, ಸುಮಾರು 80 ಮಿಲಿಸೆಕೆಂಡಿನ ಒಳಗೆ ಬರುವ ಪ್ರತಿಫಲನಗಳನ್ನು ಕಿವಿ ಬೇರೆ ಸದ್ದು ಅಂತ ಎಣಿಸುವುದಿಲ್ಲ. ಮೂಲದ ಜೊತೆಗೇ ಸೇರಿಸಿಕೊಂಡು ಅದಕ್ಕೆ ತೂಕ, ಸ್ಪಷ್ಟತೆ ಕೊಡುತ್ತದೆ. ಎಡ ಬಲಗಳಿಂದ ಬಂದರೆ ಇನ್ನೂ ಒಳ್ಳೆಯದು, ಸಂಗೀತ ನಮ್ಮನ್ನು ಸುತ್ತುವರಿದ ಅನುಭವವಾಗುತ್ತದೆ. 80 ಮಿಲಿಸೆಕೆಂಡಿನಲ್ಲಿ ಸದ್ದು ಹೋಗುವ ದೂರ ಸುಮಾರು 27 ಮೀಟರ್.

ವಿಯೆನ್ನಾದ ಮುಸಿಕ್‌ಫೆರೈನ್, ಆಮ್‌ಸ್ಟರ್‌ಡಾಮ್‌ನ ಕಾನ್ಸರ್ಟ್‌ಹೆಬೌ, ಬಾಸ್ಟನ್ ಹಾಲ್ ಮೂರೂ ಉದ್ದನೆಯ ಪೆಟ್ಟಿಗೆಗಳು. ಪಕ್ಕದ ಗೋಡೆಗಳು ಹತ್ತಿರ. ಹಾಗಾಗಿ ಬೇಗ ಬರುವ ಪಕ್ಕದ ಪ್ರತಿಫಲನ ತಾನಾಗೇ ಸಿಗುತ್ತದೆ. ತೊಂದರೆ ಒಂದೇ, ಹಿಂದೆ ಕೂತವರಿಗೆ ವೇದಿಕೆ ಬಲು ದೂರ. 1963ರಲ್ಲಿ ಬರ್ಲಿನ್ ಫಿಲ್ಹಾರ್ಮೊನಿಯಲ್ಲಿ ಹಾನ್ಸ್ ಶರೂನ್ ಈ ಪೆಟ್ಟಿಗೆ ಬಿಟ್ಟುಕೊಟ್ಟರು. ಆರ್ಕೆಸ್ಟ್ರಾ ನಡುವೆ, ಜನ ಸುತ್ತ. ಸೀಟುಗಳು ಬೆಟ್ಟದ ಇಳಿಜಾರಿನ ದ್ರಾಕ್ಷಿ ತೋಟದ ಹಾಗೆ ಬೇರೆ ಬೇರೆ ಎತ್ತರದ ತಟ್ಟುಗಳಲ್ಲಿ. ಪಕ್ಕದ ಗೋಡೆ ದೂರ ಹೋಯಿತಲ್ಲ, ಆ ಕೊರತೆಯನ್ನು ತುಂಬುವುದು ಈ ತಟ್ಟುಗಳ ಮುಂಗಟ್ಟೆಗಳು. ಪ್ರತಿ ಕಟ್ಟೆಯೂ ಹತ್ತಿರದ ಸೀಟುಗಳಿಗೆ ಚಿಕ್ಕ ಗೋಡೆಯಾಗಿ ಸದ್ದನ್ನು ತಿರುಗಿಸುತ್ತದೆ.

ಎಲ್ಬ್‌ಫಿಲ್ಹಾರ್ಮೊನಿ ಈ ದ್ರಾಕ್ಷಿ ತೋಟದ ಕುಲಕ್ಕೆ ಸೇರಿದ್ದು. ಇದರಲ್ಲಿ ಗೋದಾಮಿನ ಪಾತ್ರವೂ ಇದೆ. ಕೆಳಗಿನ ಕಟ್ಟಡದ ಅಗಲ ಇಷ್ಟೇ ಅಂತ ಮೊದಲೇ ನಿಗದಿಯಾಗಿದೆ. ಹಾಲ್ ಅಡ್ಡಡ್ಡ ಬೆಳೆಯುವಂತಿಲ್ಲ. ಹಾಗಾಗಿ ಅದು ಮೇಲಕ್ಕೆ ಬೆಳೆಯಿತು. ಸೀಟಿನ ಸಾಲುಗಳು ಕಡಿದಾಗಿ ಏರುತ್ತವೆ. ಲಾಭ ಏನಪ್ಪಾ ಅಂದರೆ, ಯಾವ ಸೀಟೂ ಕಂಡಕ್ಟರಿಂದ, ಅಂದರೆ ಆರ್ಕೆಸ್ಟ್ರಾ ನಡೆಸುವವರಿಂದ, 30 ಮೀಟರಿಗಿಂತ ದೂರವಿಲ್ಲ. ನಷ್ಟ, ಚಾವಣಿ ತುಂಬಾ ಎತ್ತರ, ಸುಮಾರು 25 ಮೀಟರ್. ಅಷ್ಟು ಮೇಲೆ ಹೋಗಿ ವಾಪಸ್ ಬರುವ ಸದ್ದಿಗೆ ಹತ್ತಿರ ಹತ್ತಿರ 150 ಮಿಲಿಸೆಕೆಂಡು ಬೇಕು. ಅದು ತಡವಾಯಿತು. ವಾದಕರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಲು ಕಷ್ಟ. ಅದಕ್ಕೇ ವೇದಿಕೆಯ ಮೇಲೆ ಚಾವಣಿಯಿಂದ ಅಣಬೆ ಆಕಾರದ ಒಂದು ದೊಡ್ಡ ರಿಫ್ಲೆಕ್ಟರ್ ಇಳಿಬಿಟ್ಟಿದ್ದಾರೆ.

ಹತ್ತು ಸಾವಿರ ಹಲಗೆ, ಒಂದರಂತೆ ಇನ್ನೊಂದಿಲ್ಲ

ಧ್ವನಿ ವಿನ್ಯಾಸದ ಹೊಣೆ ಹೊತ್ತವರು ಜಪಾನಿನ ಯಾಸುಹಿಸಾ ಟೊಯೊಟಾ. ಟೋಕಿಯೊದ ಸಂಟೋರಿ ಹಾಲ್, ಲಾಸ್ ಏಂಜಲೀಸ್‌ನ ವಾಲ್ಟ್ ಡಿಸ್ನಿ ಹಾಲ್ ಕೂಡ ಅವರ ಕೈಯಿಂದ ಬಂದವು. ಕಂಪ್ಯೂಟರ್ ಲೆಕ್ಕದ ಜೊತೆಗೆ ಇಲ್ಲಿ ಹತ್ತನೇ ಒಂದು ಅಳತೆಯ ಮಾದರಿ ಹಾಲನ್ನೂ ಕಟ್ಟಿದರು. ಒಳಗೆ ಕೇಳುಗರ ಬದಲು ಫೆಲ್ಟ್ ಬಟ್ಟೆಯ ಪುಟ್ಟ ಗೊಂಬೆಗಳು. ಕೋಣೆ ಹತ್ತು ಪಟ್ಟು ಚಿಕ್ಕದಾದಾಗ ಪರೀಕ್ಷೆಯ ಸದ್ದಿನ ತರಂಗಾಂತರವನ್ನೂ (ಒಂದು ಅಲೆಯ ಉದ್ದ) ಹತ್ತು ಪಟ್ಟು ಕುಗ್ಗಿಸಬೇಕು. ಅಂದರೆ ಕಂಪನ ಹತ್ತು ಪಟ್ಟು ಹೆಚ್ಚಬೇಕು. ಅದರಲ್ಲಿ ಬಹುಪಾಲು ಮನುಷ್ಯರ ಕಿವಿಗೆ ಕೇಳಿಸುವುದೇ ಇಲ್ಲ. ಪುಟಾಣಿ ಮೈಕುಗಳಲ್ಲಿ ಹಿಡಿದು ಲೆಕ್ಕ ಹಾಕಬೇಕು.

ಹಾಲ್‌ನ ಒಳಮೈಗೆ ಬಿಳಿ ಚರ್ಮ ಅಂತ ಹೆಸರು. ಸುಮಾರು 10,000 ಜಿಪ್ಸಮ್ ನಾರಿನ ಹಲಗೆಗಳು. ಹಲಗೆಗಳ ಮೇಲೆ ಒಟ್ಟು ಸುಮಾರು 10 ಲಕ್ಷ ಚಿಕ್ಕ ಗುಳಿಗಳು. ಒಂದು ಹಲಗೆಯಂತೆ ಇನ್ನೊಂದಿಲ್ಲ. ಎಲ್ಲಿ ಎಷ್ಟು ಆಳ ಬೇಕು ಅಂತ ಟೊಯೊಟಾ ಹೇಳಿದರು. ಆಕಾರ ಹೇಗೆ ಕಾಣಬೇಕು ಅಂತ ವಾಸ್ತುಶಿಲ್ಪಿಗಳು ಹೇಳಿದರು. ಎರಡನ್ನೂ ಕೂಡಿಸಿ ಪ್ರತಿ ಗುಳಿಯ ಆಕಾರವನ್ನು ಹುಟ್ಟಿಸುವ ಪ್ರೋಗ್ರಾಂ ಬರೆದದ್ದು ಬೆಂಜಮಿನ್ ಕೋರೆನ್ ಅವರ ಒನ್ ಟು ಒನ್ ಸಂಸ್ಥೆ. ಆ ಲೆಕ್ಕದ ಫೈಲುಗಳು ನೇರವಾಗಿ ಕೊರೆಯುವ ಯಂತ್ರಕ್ಕೆ ಹೋದವು. ಕೈಯಲ್ಲಿ ನಕ್ಷೆ ಬರೆಯುವ ಮಾತೇ ಇರಲಿಲ್ಲ, ಹತ್ತು ಸಾವಿರ ಬೇರೆ ಬೇರೆ ನಕ್ಷೆಗಳನ್ನು ಯಾರು ಬರೆಯುತ್ತಾರೆ?

ಗುಳಿಗಳ ಕೆಲಸ ಸದ್ದನ್ನು ಚದುರಿಸುವುದು. ನಯವಾದ ದೊಡ್ಡ ಗೋಡೆ ಸದ್ದನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಆ ದಿಕ್ಕಿನಲ್ಲಿ ಕೂತವರಿಗೆ ಕರ್ಕಶ ಪ್ರತಿಧ್ವನಿ, ಉಳಿದವರಿಗೆ ಏನೂ ಇಲ್ಲ. ಒರಟು ಗೋಡೆ ಎಲ್ಲ ಕಡೆ ಹಂಚುತ್ತದೆ. ಆದರೆ ಒರಟುತನದ ಅಳತೆ ಸದ್ದಿನ ತರಂಗಾಂತರಕ್ಕೆ ಹೊಂದಬೇಕು. 10 ಸೆಂ.ಮೀ. ಗುಳಿ ಹೊಂದುವುದು ಸುಮಾರು 3,400 ಹರ್ಟ್ಸ್ ಸ್ವರಕ್ಕೆ. 100 ಹರ್ಟ್ಸ್ ಸ್ವರದ ಅಲೆ 3.4 ಮೀಟರ್ ಉದ್ದ, ಅದು ಈ ಗುಳಿಯನ್ನು ಗಮನಿಸುವುದೇ ಇಲ್ಲ. ಅಂಥ ತಗ್ಗಿನ ಸ್ವರಗಳನ್ನು ಚದುರಿಸಲು ಸೀಟಿನ ತಟ್ಟುಗಳು, ಬಾಲ್ಕನಿಗಳು, ಗೋಡೆಯ ದೊಡ್ಡ ತಿರುವುಗಳು ಬೇಕು. ಚಿಕ್ಕ ಅಲೆಗೆ ಚಿಕ್ಕ ಒರಟು, ದೊಡ್ಡದಕ್ಕೆ ದೊಡ್ಡದು.

ಜಿಪ್ಸಮ್ ಯಾಕೆ, ಮರ ಯಾಕಲ್ಲ ಅನ್ನುವ ಪ್ರಶ್ನೆ ಬರುತ್ತದೆ. ಸಂಗೀತ ಅಂದರೆ ಮರ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ತೆಳುವಾದ ಮರದ ಹಲಗೆ ತಗ್ಗಿನ ಸ್ವರಕ್ಕೆ ತಾನೂ ಅದುರುತ್ತದೆ. ಅದುರಿದಷ್ಟು ಶಕ್ತಿ ಅದಕ್ಕೆ ಹೋಯಿತು, ಕೇಳುಗರಿಗೆ ಡಬಲ್ ಬಾಸ್ ಸೊರಗಿತು. ಪಿಟೀಲಿನ ಒಡಲು ಅದುರಬೇಕು, ಸಭಾಂಗಣದ ಗೋಡೆ ಅದುರಬಾರದು. ಅದಕ್ಕೆ ಭಾರದ, ಒತ್ತೊತ್ತಾದ ವಸ್ತು ಬೇಕು. ಚಿಕ್ಕ ಹಾಲ್‌ನ ಒಳಮೈ ಮಾತ್ರ ಓಕ್ ಮರದ್ದು, ಅದೂ ದಪ್ಪನೆಯ ಹಲಗೆಗಳನ್ನು ಅಲೆ ಅಲೆಯಾಗಿ ಕಡೆದದ್ದು.

ಗಾಜು, ಎಸ್ಕಲೇಟರ್, ಪ್ಲಾಜಾ

ಈಗ ಬದಿಗಿಟ್ಟಿದ್ದ ಗಾಜಿಗೆ ಬರೋಣ. ಹೊರಮೈಯಲ್ಲಿ ಸುಮಾರು 1,100 ಗಾಜಿನ ಫಲಕಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಗಿದವು. ಗಾಜನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಮೆತ್ತಗಾದ ಮೇಲೆ ಬಗ್ಗಿಸುತ್ತಾರೆ. ಫಲಕಗಳ ಮೇಲೆ ಚುಕ್ಕಿಗಳನ್ನು ಅಚ್ಚು ಹಾಕಿದ್ದಾರೆ. ಬಿಸಿಲಿನ ಕಾವು ತಗ್ಗಿಸುವುದು ಅದರ ಉದ್ದೇಶ. ಫ್ಲ್ಯಾಟುಗಳ ಬಾಲ್ಕನಿ ಇರುವ ಕಡೆ ಫಲಕದಲ್ಲೇ ಶ್ರುತಿಕವೆಯ ಆಕಾರದ ತೆರಪು ಬಿಟ್ಟಿದ್ದಾರೆ. ದೂರದಿಂದ ನೋಡಿದರೆ ನೀರು, ಮೋಡ, ಹಡಗು ಎಲ್ಲ ತುಂಡು ತುಂಡಾಗಿ ಅದರಲ್ಲಿ ಕಾಣುತ್ತವೆ. ಗಾಜಿಗೂ ಹಾಲ್‌ನ ಧ್ವನಿಗೂ ನೇರ ಸಂಬಂಧವಿಲ್ಲ. ಹಾಲ್ ಒಳಗಡೆ ಕಾಂಕ್ರೀಟಿನ ಗೂಡಿನಲ್ಲಿ ಕಣ್ಮುಚ್ಚಿ ಕೂತಿದೆ.

2,100 ಜನರನ್ನು ಮೇಲೆ ಹತ್ತಿಸುವುದು ಇನ್ನೊಂದು ಸಮಸ್ಯೆ. ಬರೀ ಲಿಫ್ಟ್ ನೆಚ್ಚಿಕೊಂಡರೆ ಕಛೇರಿ ಶುರುವಾಗುವ ಹೊತ್ತಿಗೆ ಅರ್ಧ ಜನ ಕ್ಯೂನಲ್ಲೇ ಇರುತ್ತಾರೆ. ಗೋದಾಮಿನ ಒಡಲನ್ನು ಉದ್ದಕ್ಕೆ ಸೀಳಿಕೊಂಡು 80 ಮೀಟರಿಗೂ ಉದ್ದದ ಎಸ್ಕಲೇಟರ್ ಹಾಕಿದರು. ಅದು ಕಮಾನಿನಂತೆ ಬಾಗಿದೆ. ಹತ್ತುವಾಗ ತುದಿ ಕಾಣುವುದಿಲ್ಲ. ಕೊನೆಗೆ 37 ಮೀಟರ್ ಎತ್ತರದ ಪ್ಲಾಜಾ ಸಿಗುತ್ತದೆ. ಇಟ್ಟಿಗೆ ಮುಗಿದು ಗಾಜು ಶುರುವಾಗುವ ಕೀಲಿನ ಜಾಗ ಅದು. ಕಛೇರಿಯ ಟಿಕೆಟ್ ಇಲ್ಲದವರೂ ಅಲ್ಲಿ ಸುತ್ತಾಡಬಹುದು. ಸಂಗೀತ ಕೇಳದವರಿಗೂ ಕಟ್ಟಡದಲ್ಲಿ ಪಾಲಿದೆ ಅನ್ನಿಸಿದ್ದು ಈ ಪ್ಲಾಜಾದಿಂದಲೇ.

ಖರ್ಚು ಹತ್ತು ಪಟ್ಟಾದದ್ದು ಹೇಗೆ

2005ರಲ್ಲಿ ನಗರದ ಬೊಕ್ಕಸದಿಂದ 7.7 ಕೋಟಿ ಯೂರೋ ಹೋಗುತ್ತದೆ ಅಂತ ಹೇಳಿದ್ದರು. ಕೊನೆಗೆ ಹೋದದ್ದು 78.9 ಕೋಟಿ. ದೇಣಿಗೆ ಇತ್ಯಾದಿ ಸೇರಿ ಒಟ್ಟು ಖರ್ಚು 86.6 ಕೋಟಿ ಯೂರೋ. 2007ರ ಏಪ್ರಿಲ್ 2ರಂದು ಅಡಿಗಲ್ಲು ಹಾಕಿದಾಗ 2010ಕ್ಕೆ ಮುಗಿಯುತ್ತದೆ ಅಂದಿದ್ದರು. ಮುಗಿದದ್ದು 2016ರ ಅಕ್ಟೋಬರ್ 31ಕ್ಕೆ.

ತಪ್ಪು ಎಲ್ಲಾಯಿತು? ಸುಮ್ನೆ ದುರಾಸೆ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗನ್ನಿಸುವಂತೆ ಎರಡು ಕಾರಣಗಳು ಮುಖ್ಯ. ಒಂದು, ವಿನ್ಯಾಸ ಪೂರ್ತಿ ಆಗುವ ಮೊದಲೇ ಗುತ್ತಿಗೆ ಕೊಟ್ಟರು. ಹಲಗೆಯ ಆಕಾರ, ಪೈಪಿನ ದಾರಿ ಇನ್ನೂ ತೀರ್ಮಾನವಾಗದಿದ್ದಾಗ ಬೆಲೆ ಹೇಳಿದರೆ ಅದು ಊಹೆ. ಆಮೇಲಿನ ಪ್ರತಿ ಬದಲಾವಣೆಗೂ ಗುತ್ತಿಗೆದಾರ ಬೇರೆ ಬಿಲ್ ಕೊಡುತ್ತಾನೆ. ಎರಡು, ಒಪ್ಪಂದಗಳ ರಚನೆ. ವಾಸ್ತುಶಿಲ್ಪಿಗಳಿಗೆ ನಗರದ ಸಂಸ್ಥೆಯ ಜೊತೆ ಒಪ್ಪಂದ, ಕಟ್ಟುವ ಹೋಖ್‌ಟೀಫ್ ಕಂಪನಿಯದ್ದು ಇನ್ನೊಂದು ಒಪ್ಪಂದ. ವಿನ್ಯಾಸ ಮಾಡುವವರಿಗೂ ಕಟ್ಟುವವರಿಗೂ ನೇರ ನಂಟೇ ಇಲ್ಲ. ಇಬ್ಬರ ಜಗಳವೂ ನಡುವೆ ಕೂತ ನಗರದ ತಲೆಗೆ ಬರುತ್ತಿತ್ತು.

2011ರ ಕೊನೆಗೆ ಹಾಲ್‌ನ ಮೇಲಿನ ಚಾವಣಿ ಸುರಕ್ಷಿತವೋ ಅಲ್ಲವೋ ಎಂಬ ತಕರಾರು ಎದ್ದು ಕೆಲಸ ನಿಂತೇ ಹೋಯಿತು. ತಿಂಗಳುಗಟ್ಟಲೆ ಅರೆಬರೆ ಕಟ್ಟಡ ನದಿಯ ಮುಂದೆ ನಿಂತಿತ್ತು. ಆಗ ಮೇಯರ್ ಆಗಿದ್ದವರು ಓಲಾಫ್ ಶೋಲ್ಜ್, ಮುಂದೆ ಜರ್ಮನಿಯ ಚಾನ್ಸಲರ್ ಆದವರು. 2013ರಲ್ಲಿ ಹೊಸ ಒಪ್ಪಂದವಾಯಿತು. ಕಟ್ಟುವವರು, ವಿನ್ಯಾಸ ಮಾಡುವವರು ಒಂದೇ ಕಡೆ ಕೂತು, ನಿಗದಿತ ಬೆಲೆಗೆ, ನಿಗದಿತ ದಿನಕ್ಕೆ ಮುಗಿಸುವುದು. ಮುಂದಿನ ಅಪಾಯವೆಲ್ಲ ಕಂಪನಿಯದ್ದು. ಅದಾದ ಮೇಲೆ ಕೆಲಸ ಹೇಳಿದ ಹಾಗೆ ನಡೆಯಿತು. ಇದೇ ಒಪ್ಪಂದವನ್ನು ಮೊದಲ ದಿನವೇ ಮಾಡಬಹುದಿತ್ತಲ್ಲ ಅಂತ ಯಾರಿಗಾದರೂ ಅನ್ನಿಸದೇ ಇರದು. ಮುಗಿದ ದಿನ ಕಟ್ಟಡದ ಕಿಟಕಿಗಳ ದೀಪದಲ್ಲೇ ಮುಗಿಯಿತು ಅಂತ ಜರ್ಮನ್ ಭಾಷೆಯಲ್ಲಿ ಬರೆದು ತೋರಿಸಿದರು.

ಹಾಗಾದರೆ ಕೇಳಲು ಹೇಗಿದೆ?

ಇಲ್ಲಿ ಒಮ್ಮತವಿಲ್ಲ. ಸ್ಪಷ್ಟತೆ ಎಲ್ಲರೂ ಒಪ್ಪುವ ಗುಣ. ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಅದೇ ಕಾರಣಕ್ಕೆ ಒಬ್ಬ ವಾದಕ ತಪ್ಪಿದರೂ ಗೊತ್ತಾಗುತ್ತದೆ, ಕೇಳುಗ ಕೆಮ್ಮಿದರೂ ಗೊತ್ತಾಗುತ್ತದೆ. ಹಳೇ ಪೆಟ್ಟಿಗೆ ಹಾಲ್‌ಗಳ ಬೆಚ್ಚನೆಯ ಬೆರಕೆ ಇಷ್ಟಪಡುವವರಿಗೆ ಇದು ಸ್ವಲ್ಪ ತಣ್ಣಗೆ ಅನ್ನಿಸುತ್ತದೆ.

2019ರ ಜನವರಿಯಲ್ಲಿ ಹೆಸರಾಂತ ಟೆನರ್ (ಮೇಲಿನ ಸ್ಥಾಯಿಯ ಗಂಡು ದನಿಯ ಗಾಯಕ) ಯೋನಾಸ್ ಕೌಫ್‌ಮನ್ ಹಾಡುವಾಗ ಕೆಲವು ಕೇಳುಗರು ನಮಗೆ ಕೇಳುತ್ತಿಲ್ಲ ಅಂತ ಕೂಗಿದರು. ಕಛೇರಿ ಮುಗಿದ ಮೇಲೆ ಕೌಫ್‌ಮನ್ ಹಾಲ್‌ನ ಧ್ವನಿಯನ್ನೇ ದೂರಿದರು. ಕಾರಣ ತೀರಾ ಗುಟ್ಟೇನಲ್ಲ. ಮನುಷ್ಯರ ಧ್ವನಿಗೆ ದಿಕ್ಕಿದೆ. ಮಾತನ್ನು ತಿಳಿಯಾಗಿಸುವ ಮೇಲಿನ ಸ್ವರಗಳೆಲ್ಲ ಬಾಯಿಯ ಮುಂದಕ್ಕೆ ಹೋಗುತ್ತವೆ, ಬೆನ್ನ ಹಿಂದಕ್ಕೆ ಹೋಗುವುದು ತೀರಾ ಕಡಿಮೆ. ಪೆಟ್ಟಿಗೆ ಹಾಲ್‌ನಲ್ಲಿ ಬೆನ್ನ ಹಿಂದೆ ಸಾಮಾನ್ಯವಾಗಿ ಗೋಡೆಯಿರುತ್ತದೆ. ದ್ರಾಕ್ಷಿ ತೋಟದಲ್ಲಿ ಅಲ್ಲೂ ಜನ ಕೂತಿರುತ್ತಾರೆ. ದೊಡ್ಡ ಆರ್ಕೆಸ್ಟ್ರಾ ಜೊತೆಗಿದ್ದರಂತೂ ಹಿಂದೆ ಕೂತವರಿಗೆ ಗಾಯಕರಿಗಿಂತ ಹಿತ್ತಾಳೆ ವಾದ್ಯಗಳೇ ಹತ್ತಿರ. ಬಿಳಿ ಚರ್ಮದ ಗುಳಿಗಳು ಎಷ್ಟೇ ಚದುರಿಸಿದರೂ, ಆ ದಿಕ್ಕಿಗೆ ಹೊರಡದ ಸದ್ದನ್ನು ಅವು ತಂದುಕೊಡಲಾರವು.

ಅಲ್ಲಿಗೆ ಹೋಗುವವರು ಟಿಕೆಟ್ ತೆಗೆಯುವಾಗ ಇದಿಷ್ಟು ನೆನಪಿಟ್ಟುಕೊಂಡರೆ ಸಾಕು. ಗಾಯಕರ ಕಛೇರಿಯಾದರೆ ವೇದಿಕೆಯ ಮುಂಭಾಗದ ಸೀಟನ್ನೇ ಹಿಡಿಯಿರಿ, ದೂರವಾದರೂ ಪರವಾಗಿಲ್ಲ. ಬರೀ ಆರ್ಕೆಸ್ಟ್ರಾ ಆದರೆ ವೇದಿಕೆಯ ಹಿಂದಿನ ಸೀಟು ಒಳ್ಳೆಯ ಆಯ್ಕೆ. ಕಂಡಕ್ಟರ್ ಮುಖ ನೇರವಾಗಿ ಕಾಣುತ್ತದೆ, ನಗಾರಿಯವನ ಕೈ ಕಾಣುತ್ತದೆ. ಆರ್ಗನ್ ಕಛೇರಿಗೆ ಅದರ ಪೈಪುಗಳ ಪಕ್ಕದ ಸೀಟು ಸಿಗುತ್ತದಾ ನೋಡಿ. 4,765 ಪೈಪುಗಳಲ್ಲಿ ಕೆಲವು ಸೀಟುಗಳ ಹತ್ತಿರಕ್ಕೇ ಬಂದಿವೆ. ಜನ ಮುಟ್ಟಿ ನೋಡಲಿ ಅಂತಲೇ ಅವಕ್ಕೆ ಲೇಪನ ಕೊಟ್ಟಿದ್ದಾರೆ.